ಫ್ರೆಂಚ್ ರಿವಿಯೆರಾದಲ್ಲಿ ತಂಗಲು ಯಾವ ಊರು ಮೇಲು: ನೀಸ್, ಆಂತೀಬ್, ಕಾನ್, ಮಾಂತೋನ್

ಫ್ರಾನ್ಸಿನ ಆಗ್ನೇಯ ಮೂಲೆಯಲ್ಲಿ ಸಾಂ ತ್ರೋಪೆಯಿಂದ ಇಟಲಿಯ ಗಡಿಯವರೆಗೆ ಚಾಚಿಕೊಂಡಿರುವ ಮೆಡಿಟರೇನಿಯನ್ ಕಡಲತೀರವನ್ನು ಫ್ರೆಂಚರು ಕೋತ್ ದಜ್ಯೂರ್ ಎನ್ನುತ್ತಾರೆ. ಉಳಿದವರಿಗೆ ಅದು ಫ್ರೆಂಚ್ ರಿವಿಯೆರಾ. ವರ್ಷಕ್ಕೆ ಸುಮಾರು 2,700 ಗಂಟೆ ಬಿಸಿಲು ಕಾಣುವ ಈ ತೀರಕ್ಕೆ ಹೊರಡುವವರು ಸಾಮಾನ್ಯವಾಗಿ ‘ಅಲ್ಲಿ ಏನೇನು ನೋಡಬೇಕು’ ಎಂಬ ಪಟ್ಟಿಯಿಂದಲೇ ಸಿದ್ಧತೆ ಆರಂಭಿಸುತ್ತಾರೆ. ಆದರೆ ನೋಡಬೇಕಾದ ಜಾಗಗಳಲ್ಲಿ ಹೆಚ್ಚಿನವು ಕಡಲಂಚಿನಲ್ಲೇ ಸಾಗುವ ಒಂದು ರೈಲುಮಾರ್ಗದ ಅಕ್ಕಪಕ್ಕದಲ್ಲಿವೆ. ನೀಸ್ ನಗರದಿಂದ ಪಶ್ಚಿಮಕ್ಕೆ ಆಂತೀಬ್ ಮತ್ತು ಕಾನ್, ಪೂರ್ವಕ್ಕೆ ಮೊನಾಕೊ ಮತ್ತು ಮಾಂತೋನ್, ಇವೆಲ್ಲ ಸ್ಥಳೀಯ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಯಾವ ಊರಲ್ಲಿ ಉಳಿದರೂ ಉಳಿದ ಊರುಗಳಿಗೆ ಹೋಗಿಬರಬಹುದು. ಆದ್ದರಿಂದ ನಿಜವಾಗಿ ತೀರ್ಮಾನಿಸಬೇಕಾದದ್ದು ಏನು ನೋಡಬೇಕೆಂಬುದನ್ನಲ್ಲ, ಬೆಳಗಿನ ಮತ್ತು ಸಂಜೆಯ ಹೊತ್ತನ್ನು ಎಲ್ಲಿ ಕಳೆಯಬೇಕೆಂಬುದನ್ನು. ಪ್ರವಾಸಿಗಳ ದಟ್ಟಣೆ ಕರಗಿದ ಮೇಲೆ ಊರು ತನ್ನ ಪಾಡಿಗೆ ತಾನಿರುವ ಆ ಹೊತ್ತೇ ಈ ತೀರದಲ್ಲಿ ಅತ್ಯಂತ ಸೊಗಸಾದದ್ದು.

ಇನ್ನೊಂದು ಮಾತನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಕಾರವಾರ, ಗೋಕರ್ಣ, ಮಲ್ಪೆ, ಮರವಂತೆಗಳನ್ನು ಕಂಡವರಿಗೆ ಮರಳಿನ ವಿಸ್ತಾರದ ವಿಷಯದಲ್ಲಿ ರಿವಿಯೆರಾ ಹೊಸದೇನನ್ನೂ ಕೊಡಲಾರದು. ಅಲ್ಲಿನ ಬೀಚುಗಳು ಕಿರಿದು, ಹಲವೆಡೆ ಮರಳೇ ಇಲ್ಲ, ಬೇಸಿಗೆಯಲ್ಲಿ ಅರ್ಧ ಭಾಗವನ್ನು ಬಾಡಿಗೆ ಕುರ್ಚಿಗಳೇ ಆಕ್ರಮಿಸಿರುತ್ತವೆ. ನಮ್ಮ ಕರಾವಳಿಯಲ್ಲಿ ಸಿಗದೆ ಅಲ್ಲಿ ಮಾತ್ರ ಸಿಗುವುದು ಬೇರೆಯೇ ಇದೆ. ಸಮುದ್ರಕ್ಕೆ ನೇರವಾಗಿ ಇಳಿಯುವ ಆಲ್ಪ್ಸ್ ಪರ್ವತದ ತಪ್ಪಲು, ಅದರ ಮೇಲೆ ಬೀಳುವ ಸ್ವಚ್ಛ ಬೆಳಕು, ಆ ಬೆಳಕಿಗಾಗಿಯೇ ಬಂದು ನೆಲೆಸಿದ ಚಿತ್ರಕಾರರ ಮನೆಗಳು, ನೂರು ವರ್ಷಕ್ಕೂ ಹಿಂದೆ ಚಳಿಗಾಲ ಕಳೆಯಲು ಬಂದ ಶ್ರೀಮಂತರು ಬೆಳೆಸಿದ ತೋಟಗಳು. ಈ ನಾಲ್ಕರ ಲೆಕ್ಕದಲ್ಲಿ ಊರನ್ನು ಆರಿಸಿದವರಿಗೆ ನಿರಾಸೆಯಾಗುವುದು ಅಪರೂಪ.

ಪೂರ್ವದ ತೀರ, ಪಶ್ಚಿಮದ ತೀರ

ನಕ್ಷೆಯಲ್ಲಿ ಒಂದೇ ಗೆರೆಯಂತೆ ಕಂಡರೂ ರಿವಿಯೆರಾದಲ್ಲಿ ಎರಡು ಬಗೆಯ ತೀರಗಳಿವೆ. ನೀಸ್‌ನಿಂದ ಪೂರ್ವಕ್ಕೆ ಬೆಟ್ಟಗಳು ಕಡಲಿನವರೆಗೂ ಬಂದು ನಿಲ್ಲುತ್ತವೆ. ಊರುಗಳು ಇಳಿಜಾರಿಗೆ ಅಂಟಿಕೊಂಡಿವೆ, ಎಲ್ಲಿಗೆ ಹೋಗಬೇಕೆಂದರೂ ಮೆಟ್ಟಿಲು ಹತ್ತಬೇಕು, ಆದರೆ ಪ್ರತಿ ತಿರುವಿನಲ್ಲೂ ಕಣ್ಣಿಗೆ ಹಬ್ಬ. ಉತ್ತರದ ಗಾಳಿಯನ್ನು ಬೆಟ್ಟಗಳು ತಡೆಯುವುದರಿಂದ ಈ ಭಾಗ ಚಳಿಗಾಲದಲ್ಲೂ ಬೆಚ್ಚಗಿರುತ್ತದೆ. ಪಶ್ಚಿಮಕ್ಕೆ, ಅಂದರೆ ವಾರ್ ನದಿ ಸಮುದ್ರ ಸೇರುವ ಜಾಗವನ್ನು ದಾಟಿದ ಮೇಲೆ, ನೆಲ ಸಮತಟ್ಟಾಗುತ್ತದೆ. ಆಂತೀಬ್ ತಲುಪಿದಲ್ಲಿಂದ ಮರಳಿನ ಬೀಚುಗಳೂ ಆರಂಭವಾಗುತ್ತವೆ. ಕಾನ್ ದಾಟಿದ ನಂತರ ಎಸ್ತೆರೆಲ್ ಬೆಟ್ಟಸಾಲಿನ ಕೆಂಪು ಬಂಡೆಗಳು ನೀಲಿ ನೀರಿಗೆ ಚಾಚಿಕೊಂಡಿವೆ. ಕಾನ್ ಮತ್ತು ಸಾಂ ರಫಾಯೆಲ್ ನಡುವೆ ರೈಲಿನಲ್ಲಿ ಕಡಲ ಬದಿಯ ಕಿಟಕಿ ಹಿಡಿದು ಕುಳಿತರೆ ಆ ಪ್ರಯಾಣವೇ ಒಂದು ದಿನದ ಪ್ರವಾಸಕ್ಕೆ ಸಮ. ಸಣ್ಣ ಮಕ್ಕಳೊಂದಿಗೆ ಹೋಗುವವರು ಪಶ್ಚಿಮವನ್ನೂ, ನೋಟ ಮತ್ತು ತೋಟಗಳಿಗಾಗಿ ಹೋಗುವವರು ಪೂರ್ವವನ್ನೂ ಮೊದಲು ಪರಿಗಣಿಸಬೇಕು.

ನೀಸ್: ಮೊದಲ ಸಲ ಹೋಗುವವರಿಗೆ

ನೀಸ್ ಈ ತೀರದ ದೊಡ್ಡ ನಗರ. ವಿಮಾನ ನಿಲ್ದಾಣ ಇಲ್ಲೇ ಇದೆ, ಅಲ್ಲಿಂದ ನಗರದ ಮಧ್ಯಕ್ಕೆ ಟ್ರಾಮ್ ಓಡುತ್ತದೆ, ಎಲ್ಲ ದಿಕ್ಕಿಗೂ ರೈಲು ಮತ್ತು ಬಸ್ಸುಗಳು ಇಲ್ಲಿಂದಲೇ ಹೊರಡುತ್ತವೆ. ಹೋಟೆಲುಗಳ ಸಂಖ್ಯೆ ಹೆಚ್ಚಿರುವುದರಿಂದ ಎಲ್ಲ ದರದ ಕೋಣೆಗಳೂ ಸಿಗುತ್ತವೆ. ಈ ಊರು ಫ್ರಾನ್ಸಿಗೆ ಶಾಶ್ವತವಾಗಿ ಸೇರಿದ್ದು 1860ರಲ್ಲಿ. ಅದಕ್ಕೆ ಮೊದಲು ಬಹುಕಾಲ ಸವಾಯ್ ಮನೆತನದ ಸಾರ್ಡಿನಿಯಾ ರಾಜ್ಯದ ಭಾಗವಾಗಿತ್ತು. ಹಳೆಯ ಪೇಟೆಯ ಕಾವಿ ಮತ್ತು ಹಳದಿ ಬಣ್ಣದ ಗೋಡೆಗಳು, ಕಿರುಓಣಿಗಳ ಮೇಲೆ ಒಣಹಾಕಿದ ಬಟ್ಟೆಗಳು, ಊಟದ ರುಚಿ ಎಲ್ಲವೂ ಇಟಲಿಯನ್ನು ನೆನಪಿಸುವುದಕ್ಕೆ ಇದೇ ಕಾರಣ. ಚಳಿಗಾಲದ ವಿಹಾರಧಾಮವಾಗಿ ಬೆಳೆದ ನಗರವೆಂದು ಯುನೆಸ್ಕೊ 2021ರಲ್ಲಿ ನೀಸ್ ಅನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಮುದ್ರದುದ್ದಕ್ಕೂ ಸುಮಾರು 7 ಕಿಲೋಮೀಟರ್ ಸಾಗುವ ಪ್ರೊಮ್ನಾದ್ ದೆ ಆಂಗ್ಲೆ ಎಂಬ ಕಾಲುದಾರಿಯ ಮೊದಲ ರೂಪವನ್ನು 1820ರ ದಶಕದಲ್ಲಿ, ಇಲ್ಲಿ ಚಳಿಗಾಲ ಕಳೆಯುತ್ತಿದ್ದ ಇಂಗ್ಲಿಷರ ಹಣದಿಂದ ನಿರ್ಮಿಸಲಾಯಿತು. ಇಂದು ಅದರ ಮೇಲೆ ಸಾಲಾಗಿ ನೀಲಿ ಕುರ್ಚಿಗಳಿವೆ. ಯಾರೂ ಕಾಸು ಕೇಳುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ಕುಳಿತುಕೊಳ್ಳಬಹುದು. ಕೆಳಗಿನ ಬೀಚಿನಲ್ಲಿ ಮರಳಿಲ್ಲ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಬೂದುಬಣ್ಣದ ನುಣುಪು ಕಲ್ಲುಗಳಿವೆ. ಅಲೆ ಹಿಂದಕ್ಕೆ ಸರಿದಾಗಲೆಲ್ಲ ಸಾವಿರಾರು ಕಲ್ಲುಗಳು ಒಂದರ ಮೇಲೊಂದು ಉರುಳಿ ಗರಗರ ಸದ್ದು ಮಾಡುತ್ತವೆ. ರಾತ್ರಿ ಕಿಟಕಿ ತೆರೆದಿಟ್ಟು ಮಲಗಿದರೆ ಆ ಸದ್ದು ಕೋಣೆಯವರೆಗೂ ಬರುತ್ತದೆ. ಆದರೆ ಬರಿಗಾಲಲ್ಲಿ ಆ ಕಲ್ಲುಗಳ ಮೇಲೆ ನಡೆಯುವುದು ಕಷ್ಟ, ದಡದಿಂದ ಕೆಲವೇ ಹೆಜ್ಜೆಗಳಲ್ಲಿ ನೀರು ಆಳವಾಗುತ್ತದೆ. ಈಜು ಬಲ್ಲವರು ನೀರಿನಲ್ಲಿ ಹಾಕುವ ರಬ್ಬರ್ ಚಪ್ಪಲಿ ಧರಿಸಿ ಇಳಿಯಬೇಕು. ಮಕ್ಕಳನ್ನು ಆಡಲು ಬಿಡುವ ಬೀಚು ಇದಲ್ಲ.

ಹಳೆಯ ಪೇಟೆಯ ಕೂರ್ ಸಲೇಯಾ ಮಾರುಕಟ್ಟೆಯಲ್ಲಿ ಬೆಳಗ್ಗೆ ಹೂವು, ತರಕಾರಿ, ಹಣ್ಣುಗಳ ವ್ಯಾಪಾರ. ಸೋಮವಾರ ಮಾತ್ರ ಅಲ್ಲಿ ಹಳೆಯ ವಸ್ತುಗಳ ಸಂತೆ. ಕೋಟೆಗುಡ್ಡವೆಂದು ಹೆಸರಿದ್ದರೂ ಅದರ ಮೇಲೆ ಕೋಟೆ ಉಳಿದಿಲ್ಲ. ಹದಿನಾಲ್ಕನೆಯ ಲೂಯಿ ದೊರೆಯ ಆಜ್ಞೆಯಂತೆ 1706ರಲ್ಲಿ ಅದನ್ನು ಕೆಡವಲಾಯಿತು. ಈಗ ಅಲ್ಲಿ ಉದ್ಯಾನವಿದೆ, ಹತ್ತಲಾರದವರಿಗೆ ಲಿಫ್ಟ್ ಇದೆ, ಇಡೀ ಕೊಲ್ಲಿಯ ಬಾಗನ್ನು ಒಂದೇ ನೋಟದಲ್ಲಿ ನೋಡಬಹುದು.

ಆಂತೀಬ್ ಮತ್ತು ಕಾನ್

ಮರಳು ಬೇಕೆನ್ನುವವರು ಈ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಕುಟುಂಬದೊಂದಿಗೆ ಹೋಗುವವರಿಗೆ ನಾನು ಹೆಚ್ಚು ಯೋಚಿಸದೆ ಆಂತೀಬ್ ಎನ್ನುತ್ತೇನೆ. ಪ್ರಾಚೀನ ಗ್ರೀಕರು ಸ್ಥಾಪಿಸಿದ ಈ ಊರಿನ ಹಳೆಯ ಭಾಗ ಇಂದಿಗೂ ಕಡಲಿಗೆದುರಾಗಿ ನಿಂತ ಕಲ್ಲಿನ ಪ್ರಾಕಾರದೊಳಗಿದೆ. ಪ್ರಾಕಾರಕ್ಕೆ ಆತುಕೊಂಡಂತೆ ಗ್ರಾವೆತ್ ಎಂಬ ಪುಟ್ಟ ಮರಳಿನ ಬೀಚಿದೆ. ಅಲ್ಲಿ ನೀರು ಆಳವಿಲ್ಲ, ಅಲೆಗಳ ಅಬ್ಬರವಿಲ್ಲ, ಮಕ್ಕಳು ನೀರಾಡಿದ ಮೇಲೆ ಐದು ನಿಮಿಷದಲ್ಲಿ ಮಾರುಕಟ್ಟೆ ಕಟ್ಟೆಗೆ ನಡೆದು ಬರಬಹುದು. ಸ್ವಲ್ಪ ದೂರದ ಸಾಲಿಸ್ ಬೀಚು ಇನ್ನೂ ಉದ್ದವಾಗಿದೆ. ಪಕ್ಕದ ವೋಬಾಂ ಬಂದರಿನಲ್ಲಿ ಮೀನು ಹಿಡಿಯುವ ದೋಣಿಗಳಿಂದ ಹಿಡಿದು ಕೋಟ್ಯಧೀಶರ ವಿಹಾರನೌಕೆಗಳವರೆಗೆ ಎಲ್ಲವೂ ನಿಂತಿರುತ್ತವೆ. ಆಂತೀಬ್ ಭೂಶಿರದ ಬಂಡೆಗಳ ಅಂಚಿನಲ್ಲಿ ಸಾಗುವ ಕಾಲುದಾರಿ ಅರ್ಧ ದಿನಕ್ಕೆ ತಕ್ಕದ್ದು. ನೀರಿಗೆ ಅತಿ ಹತ್ತಿರದಲ್ಲಿರುವುದರಿಂದ ಗಾಳಿ ಜೋರಾಗಿರುವ ದಿನ ಅದನ್ನು ಬಿಡಬೇಕು. 1960ರಲ್ಲಿ ಆರಂಭವಾದ ಜಾಝ್ ಸಂಗೀತೋತ್ಸವ ಪಕ್ಕದ ಜುವಾನ್ ಲೆ ಪಾನಲ್ಲಿ ಪ್ರತಿ ಜುಲೈನಲ್ಲಿ, ಕಡಲಿಗೆದುರಾಗಿ ಪೈನ್ ಮರಗಳ ಕೆಳಗೆ ನಡೆಯುತ್ತದೆ.

ಕಾನ್ ಊರಿಗೆ ಜಗತ್ತಿನಲ್ಲೆಲ್ಲ ಹೆಸರಿದೆ, ಆದರೆ ತಂಗುವ ಊರಾಗಿ ಅದು ನನ್ನ ಆಯ್ಕೆಯಲ್ಲ. ಸಮುದ್ರಕ್ಕೆ ಮುಖಮಾಡಿದ ಕ್ರುವಾಸೆಟ್ ರಸ್ತೆಯ ಒಂದು ಬದಿಗೆ ದುಬಾರಿ ಹೋಟೆಲು ಮತ್ತು ಅಂಗಡಿಗಳು, ಇನ್ನೊಂದು ಬದಿಗೆ ಹೋಟೆಲುಗಳ ಖಾಸಗಿ ಬೀಚುಗಳು. ಸಾರ್ವಜನಿಕರಿಗೆ ಉಳಿಯುವ ಜಾಗ ಕಡಿಮೆ. ಮೇ ತಿಂಗಳ ಚಲನಚಿತ್ರೋತ್ಸವದ ದಿನಗಳಲ್ಲಿ ಕೋಣೆಯ ಬಾಡಿಗೆ ಮುಟ್ಟಲಾಗದಷ್ಟು ಏರುತ್ತದೆ. ಸಿನಿಮಾವನ್ನು ಪ್ರೀತಿಸುವ ಕನ್ನಡಿಗರಿಗೆ ಆ ಊರಿನ ಮೇಲೆ ಮಮತೆ ಇರುವುದು ಸಹಜ. 2024ರಲ್ಲಿ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ ಅಲ್ಲಿ ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗಾಗಿ ಇರುವ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಪಡೆದದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ಉತ್ಸವ ಭವನದ ಕೆಂಪು ಹಾಸಿನ ಮೆಟ್ಟಿಲುಗಳನ್ನು ನೋಡಲು ಅರ್ಧ ಗಂಟೆ ಸಾಕು. ಉಳಿದ ದಿನವನ್ನು ಎದುರಿನ ಲೆರಾಂಸ್ ದ್ವೀಪಗಳಿಗೆ ಕೊಡಬೇಕು. ಬಂದರಿನಿಂದ ದೋಣಿಯಲ್ಲಿ ಹೋದರೆ ಸಾಂತ್ ಮಾರ್ಗರಿತ್ ದ್ವೀಪದ ಕೋಟೆಯಲ್ಲಿ, ಮುಖಕ್ಕೆ ಮುಖವಾಡ ತೊಡಿಸಿ ಇಟ್ಟಿದ್ದ ನಿಗೂಢ ಕೈದಿಯ ಕೋಣೆ ಇದೆ. ಅದಕ್ಕಿಂತ ಚಿಕ್ಕದಾದ ಸಾಂತೊನೊರಾ ದ್ವೀಪದಲ್ಲಿ ಇಂದಿಗೂ ಕ್ರೈಸ್ತ ಸನ್ಯಾಸಿಗಳ ಮಠವಿದೆ. ಸನ್ಯಾಸಿಗಳು ದ್ರಾಕ್ಷಿ ಬೆಳೆದು ವೈನ್ ತಯಾರಿಸುತ್ತಾರೆ. ಕ್ರುವಾಸೆಟ್‌ನ ಗದ್ದಲದಿಂದ ಅರ್ಧ ಗಂಟೆಯೊಳಗೆ ಅಂಥ ಮೌನ ಸಿಗುತ್ತದೆಂದು ಹಲವರಿಗೆ ತಿಳಿದೇ ಇಲ್ಲ.

ಮಾಂತೋನ್: ಹಿರಿಯರೊಂದಿಗೆ ಹೋಗುವವರಿಗೆ

ಇಟಲಿಯ ಗಡಿಗೆ ತಾಗಿದ ಮಾಂತೋನ್ ಊರನ್ನು ನಮ್ಮವರು ಆರಿಸಿಕೊಳ್ಳುವುದು ಕಡಿಮೆ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೂ ಚಳಿಗಾಲದಲ್ಲಿ ಹೋಗುವವರಿಗೂ ಇಡೀ ತೀರದಲ್ಲಿ ಇದಕ್ಕಿಂತ ಹಿತವಾದ ಊರಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಊರಿನ ಬೆನ್ನಿಗೆ ಎತ್ತರದ ಬೆಟ್ಟಗಳಿರುವುದರಿಂದ ಮಂಜು ಬೀಳುವುದು ತೀರಾ ವಿರಳ. ಫ್ರಾನ್ಸಿನ ಬಹುತೇಕ ಕಡೆ ಬದುಕದ ನಿಂಬೆ ಇಲ್ಲಿ ಮನೆಯಂಗಳಗಳಲ್ಲಿ ಬೆಳೆಯುತ್ತದೆ. ಈ ನಿಂಬೆಗೆ ಯುರೋಪಿನಲ್ಲಿ ಭೌಗೋಳಿಕ ಮಾನ್ಯತೆಯೂ ಇದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕ್ಷಯರೋಗದಿಂದ ಬಳಲುತ್ತಿದ್ದ ಇಂಗ್ಲಿಷ್ ವೈದ್ಯ ಜೇಮ್ಸ್ ಹೆನ್ರಿ ಬೆನೆಟ್ ಇಲ್ಲಿಗೆ ಬಂದು ಚೇತರಿಸಿಕೊಂಡು, ಊರಿನ ಹವೆಯ ಬಗ್ಗೆ ಬರೆದ ಮೇಲೆ ರೋಗಿಗಳೂ ಶ್ರೀಮಂತರೂ ಇಲ್ಲಿ ಚಳಿಗಾಲ ಕಳೆಯತೊಡಗಿದರು. ಅವರು ಬೆಳೆಸಿದ ತೋಟಗಳಲ್ಲಿ ವಾಲ್ ರಾಮೆ ಇಂದು ಸಸ್ಯೋದ್ಯಾನವಾಗಿದೆ. ಉಷ್ಣವಲಯದ ಗಿಡಗಳನ್ನು ಆಲ್ಪ್ಸ್‌ನ ಬುಡದಲ್ಲಿ ನೋಡುವುದು ವಿಶೇಷ ಅನುಭವ.

ಸಮುದ್ರದ ಬದಿಯ ನಡಿಗೆಯ ದಾರಿ ಪೂರ್ತಿ ಸಮತಟ್ಟು, ಅಲ್ಲಲ್ಲಿ ಕೂರಲು ಬೆಂಚುಗಳು. ಹಳೆಯ ಪೇಟೆ ಮಾತ್ರ ಎತ್ತರದಲ್ಲಿದೆ; ಸಾಂ ಮಿಶೆಲ್ ಚರ್ಚಿನ ಅಂಗಳ ತಲುಪಲು ಮೆಟ್ಟಿಲು ಹತ್ತಬೇಕು, ಮಂಡಿನೋವಿರುವವರು ಕೆಳಗಿನಿಂದಲೇ ನೋಡಿ ತೃಪ್ತಿಪಡುವುದು ಲೇಸು. ಫೆಬ್ರುವರಿಯಲ್ಲಿ ನಡೆಯುವ ನಿಂಬೆ ಉತ್ಸವಕ್ಕೆ ನಿಂಬೆ ಕಿತ್ತಳೆಗಳಿಂದಲೇ ಬೃಹತ್ ಆಕೃತಿಗಳನ್ನು ಕಟ್ಟುತ್ತಾರೆ. ಊರಿನ ಫಸಲು ಅಷ್ಟಕ್ಕೆ ಸಾಲದ ಕಾರಣ ಬಹುಪಾಲು ಹಣ್ಣನ್ನು ಸ್ಪೇನಿನಿಂದ ತರಿಸುತ್ತಾರೆ. ಅದೇ ಸುಮಾರಿಗೆ ನೀಸ್‌ನಲ್ಲಿ ಕಾರ್ನಿವಲ್ ಇರುವುದರಿಂದ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಬಹುದು. ಮಾಂತೋನ್‌ನ ಕೊರತೆಯೆಂದರೆ ರಾತ್ರಿ ಬೇಗ ಮಲಗುವ ಊರು ಎಂಬುದು. ತರುಣರಿಗೆ ಎರಡನೆಯ ದಿನವೇ ಬೇಸರ ಬಂದೀತು.

ಮಾಂತೋನ್‌ನಲ್ಲಿ ಉಳಿದವರು ಪಕ್ಕದ ರೊಕ್‌ಬ್ರೂನ್ ಭೂಶಿರದ ಕಡಲಂಚಿನ ಕಾಲುದಾರಿಯಲ್ಲಿ ನಡೆಯದೆ ಹಿಂದಿರುಗಬಾರದು. ಚಂಡೀಗಢವನ್ನು ರೂಪಿಸಿದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ತನಗಾಗಿ ಕಟ್ಟಿಕೊಂಡದ್ದು ಈ ದಾರಿಯ ಪಕ್ಕದಲ್ಲಿರುವ ಒಂದು ಪುಟ್ಟ ಮರದ ಕೋಣೆ. 1965ರ ಆಗಸ್ಟ್‌ನಲ್ಲಿ ಅವರು ಪ್ರಾಣಬಿಟ್ಟದ್ದೂ ಅದರ ಕೆಳಗಿನ ಸಮುದ್ರದಲ್ಲಿ ಈಜುವಾಗ. 2016ರಲ್ಲಿ ಯುನೆಸ್ಕೊ ಅವರ ಕೃತಿಗಳನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗ ಚಂಡೀಗಢದ ವಿಧಾನಸಭೆ, ಹೈಕೋರ್ಟ್ ಕಟ್ಟಡಗಳ ಸಂಕೀರ್ಣವೂ ಈ ಮರದ ಕೋಣೆಯೂ ಒಂದೇ ಪಟ್ಟಿಯಲ್ಲಿ ಸೇರಿದವು.

ನೀಸ್ ಮತ್ತು ಮಾಂತೋನ್ ನಡುವಿನ ಊರುಗಳು

ವಿಲ್‌ಫ್ರಾಂಶ್ ನೀಸ್‌ನಿಂದ ಪೂರ್ವಕ್ಕೆ ರೈಲಿನಲ್ಲಿ ಕೆಲವೇ ನಿಮಿಷಗಳ ದೂರ. ಆಳವಾದ ಕೊಲ್ಲಿ, ದಪ್ಪ ಮರಳಿನ ಬೀಚು, ಮಧ್ಯಯುಗದಿಂದ ಉಳಿದುಬಂದ ಮೇಲ್ಮುಚ್ಚಿದ ಬೀದಿ ಇಲ್ಲಿವೆ. ಇಬ್ಬರೇ ಹೋಗುವವರು ನೀಸ್‌ನ ಬದಲು ಇಲ್ಲಿ ಉಳಿದರೂ ನಷ್ಟವಿಲ್ಲ. ಇಲ್ಲಿಂದ ಹತ್ತಿರದ ಕಾಪ್ ಫೆರಾ ಭೂಶಿರದಲ್ಲಿ ಶ್ರೀಮಂತ ಬ್ಯಾಂಕರ್ ಮನೆತನದ ಬೆಯಾತ್ರಿಸ್ ಎಫ್ರುಸ್ಸಿ ದ ರೋತ್‌ಶಿಲ್ಡ್ ಕಟ್ಟಿಸಿದ ಗುಲಾಬಿ ಬಣ್ಣದ ಬಂಗಲೆ ಮತ್ತು ಅದರ ಒಂಬತ್ತು ತೋಟಗಳಿವೆ. ಬಂಗಲೆ ಕಿರಿದಾದ ದಿಣ್ಣೆಯ ಮೇಲಿರುವುದರಿಂದ ಎರಡೂ ಬದಿಗೆ ಸಮುದ್ರ ಕಾಣುತ್ತದೆ. ಏಜ್ ಎಂಬ ಬೆಟ್ಟದೂರಿಗೆ ಹೋಗುವವರಿಗೆ ಒಂದು ಎಚ್ಚರಿಕೆ: ಆ ಹೆಸರಿನ ರೈಲು ನಿಲ್ದಾಣ ಕಡಲ ಮಟ್ಟದಲ್ಲಿದೆ, ಊರು ಸುಮಾರು 430 ಮೀಟರ್ ಎತ್ತರದಲ್ಲಿದೆ. ನಡುವಿನ ಕಡಿದಾದ ಕಾಲುದಾರಿಗೆ, ಇದರಲ್ಲಿ ಹತ್ತಿ ಇಳಿಯುತ್ತಿದ್ದ ತತ್ತ್ವಜ್ಞಾನಿ ನೀಚೆಯ ಹೆಸರಿದೆ. ಬಿಸಿಲಲ್ಲಿ ಹತ್ತುವುದು ಶ್ರಮದ ಕೆಲಸ, ನೀಸ್‌ನಿಂದ ಬಸ್ಸಿನಲ್ಲಿ ಮೇಲೆ ಹೋಗಿ ಕಾಲ್ನಡಿಗೆಯಲ್ಲಿ ಇಳಿಯುವುದು ಜಾಣತನ.

ಸುಮಾರು 2 ಚದರ ಕಿಲೋಮೀಟರ್ ವಿಸ್ತೀರ್ಣದ ಮೊನಾಕೊ ದೇಶಕ್ಕೆ ಒಂದು ದಿನ ಸಾಕು, ಅದರಲ್ಲೂ ಹೆಚ್ಚಿನ ಹೊತ್ತನ್ನು 1910ರಲ್ಲಿ ಒಂದನೆಯ ಆಲ್ಬರ್ಟ್ ರಾಜಕುಮಾರ ತೆರೆದ ಸಾಗರ ವಸ್ತುಸಂಗ್ರಹಾಲಯಕ್ಕೆ ಕೊಡುವುದು ಮೇಲು. ಸಾಂ ತ್ರೋಪೆಗೆ ರೈಲಿಲ್ಲ, ಬೇಸಿಗೆಯಲ್ಲಿ ರಸ್ತೆಯ ಮೇಲೆ ವಾಹನಗಳು ತೆವಳುತ್ತವೆ. ನೋಡಲೇಬೇಕೆಂದರೆ ಸಾಂ ರಫಾಯೆಲ್‌ನಿಂದ ದೋಣಿಯಲ್ಲಿ ಹೋಗಬಹುದು, ನೀಸ್‌ನಲ್ಲಿ ಉಳಿದವರು ಬಿಟ್ಟರೂ ತೊಂದರೆಯಿಲ್ಲ.

ಚಿತ್ರಕಾರರ ಮನೆಗಳು

ವಸ್ತುಸಂಗ್ರಹಾಲಯಗಳು ಇಲ್ಲಿ ಒಂದರ ಬೆನ್ನಿಗೊಂದು ಇವೆ. ಎಲ್ಲವನ್ನೂ ನೋಡಹೊರಟರೆ ಯಾವುದೂ ಮನಸ್ಸಿನಲ್ಲಿ ಉಳಿಯದು. ಎರಡನ್ನೋ ಮೂರನ್ನೋ ಆರಿಸಿಕೊಳ್ಳಬೇಕು. ಚಿತ್ರಕಲೆಯ ಪರಿಚಯ ಅಷ್ಟಾಗಿ ಇಲ್ಲದವರಿಗೂ ನಾನು ಮೊದಲು ಹೇಳುವುದು ನೀಸ್‌ನ ಶಗಾಲ್ ಸಂಗ್ರಹಾಲಯವನ್ನು. ಬೈಬಲ್ಲಿನ ಕಥೆಗಳ ಮೇಲೆ ಮಾರ್ಕ್ ಶಗಾಲ್ ರಚಿಸಿದ 17 ದೊಡ್ಡ ಚಿತ್ರಗಳಿಗೆಂದೇ ಕಟ್ಟಿದ ಈ ಕಟ್ಟಡ 1973ರಲ್ಲಿ, ಕಲಾವಿದರು ಬದುಕಿದ್ದಾಗಲೇ ತೆರೆಯಿತು. ದೊಡ್ಡ ಸಭಾಂಗಣದಲ್ಲಿ 12 ಚಿತ್ರಗಳು. ಪಕ್ಕದ ಚಿಕ್ಕ ಕೋಣೆಯಲ್ಲಿ ಪ್ರೇಮಗೀತೆಗಳನ್ನು ಆಧರಿಸಿದ 5 ಚಿತ್ರಗಳು, ಎಲ್ಲವೂ ಕೆಂಪು ಗುಲಾಬಿ ಬಣ್ಣದವು. ಕಥೆ ಗೊತ್ತಿಲ್ಲದಿದ್ದರೂ ಆ ಕೋಣೆಯಲ್ಲಿ ನಿಂತವರು ಬೇಗ ಹೊರಬರುವುದಿಲ್ಲ.

ಚಿತ್ರಕಾರ ಮತೀಸ್ 1917ರಲ್ಲಿ ನೀಸ್‌ಗೆ ಬಂದು, ಉಳಿದ ಬದುಕಿನ ಬಹುಭಾಗವನ್ನು ಇಲ್ಲಿಯೇ ಕಳೆದು, 1954ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಸಿಮಿಯೆ ಗುಡ್ಡದ ಆಲಿವ್ ತೋಪಿನ ನಡುವೆ ಅವರ ಸಂಗ್ರಹಾಲಯವಿದೆ. ಆದರೆ ಅವರ ಕೃತಿಗಳಲ್ಲಿ ಒಂದನ್ನೇ ನೋಡುವುದಾದರೆ ವಾಂಸ್ ಊರಿನ ಪ್ರಾರ್ಥನಾ ಮಂದಿರಕ್ಕೆ ಹೋಗಬೇಕು. 1948ರಿಂದ 1951ರವರೆಗೆ, ಎಂಬತ್ತರ ಅಂಚಿನಲ್ಲಿದ್ದ ಅವರು ಅದರ ಗಾಜು, ಗೋಡೆ, ಪೀಠ, ಪಾದ್ರಿಗಳ ಉಡುಪು ಎಲ್ಲವನ್ನೂ ರೂಪಿಸಿದರು. ಬಿಳಿ ಹಂಚಿನ ಗೋಡೆಯ ಮೇಲೆ ಬರಿಯ ಕಪ್ಪು ಗೆರೆಗಳ ಚಿತ್ರ. ಎದುರಿನ ಕಿಟಕಿಗಳಲ್ಲಿ ಹಸಿರು, ಹಳದಿ, ನೀಲಿ ಗಾಜು. ಬಿಸಿಲು ಬಿದ್ದಾಗ ಆ ಮೂರೂ ಬಣ್ಣಗಳು ನೆಲದ ಮೇಲೂ ಗೋಡೆಯ ಮೇಲೂ ಹರಡುತ್ತವೆ, ಮೋಡ ಬಂದರೆ ಮಾಯವಾಗುತ್ತವೆ. ತೆರೆದಿರುವ ದಿನ ಮತ್ತು ಸಮಯ ಸೀಮಿತವಾದ್ದರಿಂದ ಮುಂಚಿತವಾಗಿ ನೋಡಿಕೊಂಡು, ಬಿಸಿಲಿರುವ ಬೆಳಗ್ಗೆಯೇ ಹೋಗಬೇಕು. ಅದೇ ದಾರಿಯಲ್ಲಿ ಸಾಂ ಪೋಲ್ ದ ವಾಂಸ್‌ನ ಮಾಗ್ ಕಲಾ ಪ್ರತಿಷ್ಠಾನವಿದೆ. 1964ರಲ್ಲಿ ತೆರೆದ ಅದರ ಅಂಗಳದಲ್ಲಿ ಪೈನ್ ಮರಗಳ ನಡುವೆ ಜಾಕೊಮೆಟ್ಟಿ ಮತ್ತು ಮಿರೋ ಅವರ ಶಿಲ್ಪಗಳು ನಿಂತಿವೆ.

ಆಂತೀಬ್‌ನಲ್ಲಿ ಉಳಿದವರಿಗೆ ಪಿಕಾಸೊ ಸಂಗ್ರಹಾಲಯ ಹತ್ತಿರ. ಸಮುದ್ರಕ್ಕೆ ಮುಖಮಾಡಿದ ಗ್ರಿಮಾಲ್ಡಿ ಕೋಟೆಮನೆಯಲ್ಲಿ 1946ರಲ್ಲಿ ಪಿಕಾಸೊ ಕೆಲಸ ಮಾಡಿ, ಆಗ ಬರೆದ ಚಿತ್ರಗಳಲ್ಲಿ ಬಹಳಷ್ಟನ್ನು ಊರಿಗೇ ಬಿಟ್ಟುಹೋದರು. ರಜೆಯ ದಿನಗಳನ್ನು ನೆನಪಿಡಬೇಕು: ಪಿಕಾಸೊ ಸಂಗ್ರಹಾಲಯಕ್ಕೆ ಸೋಮವಾರ ರಜೆ, ನೀಸ್‌ನ ಶಗಾಲ್ ಮತ್ತು ಮತೀಸ್ ಸಂಗ್ರಹಾಲಯಗಳಿಗೆ ಮಂಗಳವಾರ.

ಗ್ರಾಸ್ ಊರಿನ ಸುಗಂಧ

ಕಾನ್‌ನಿಂದ ಒಳನಾಡಿಗಿರುವ ಗ್ರಾಸ್ ಸುಗಂಧದ್ರವ್ಯ ತಯಾರಿಕೆಯ ಹಳೆಯ ಕೇಂದ್ರ. ಅಲ್ಲಿನ ಈ ಕಸುಬಿನ ಜ್ಞಾನವನ್ನು ಯುನೆಸ್ಕೊ 2018ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯೆಂದು ಗುರುತಿಸಿತು. ಕಾರ್ಖಾನೆಗಳು ನಡೆಸುವ ಉಚಿತ ಭೇಟಿ ಕೊನೆಗೆ ಅಂಗಡಿಯಲ್ಲೇ ಮುಗಿಯುತ್ತದೆ. ಅದಕ್ಕಿಂತ ಊರಿನ ಸುಗಂಧ ಸಂಗ್ರಹಾಲಯ ಹೆಚ್ಚು ಕಲಿಸುತ್ತದೆ. ಮೇ ತಿಂಗಳಲ್ಲಿ ಗುಲಾಬಿ, ಆಗಸ್ಟ್‌ನಿಂದ ಶರತ್ಕಾಲದವರೆಗೆ ಜಾಜಿ ಅರಳುತ್ತವೆ. ಜಾಜಿಯನ್ನು ನಸುಕಿನಲ್ಲೇ ಕೈಯಿಂದ ಬಿಡಿಸಬೇಕು, ಬಿಸಿಲೇರಿದರೆ ಪರಿಮಳ ಇಳಿಯುತ್ತದೆ. ಮೈಸೂರಿನ ಗಂಧದೆಣ್ಣೆಗೆ ಸುಗಂಧ ತಯಾರಕರಲ್ಲಿ ಎಂಥ ಹೆಸರಿದೆ ಎಂಬುದನ್ನು ತಿಳಿದು ಹೋದ ಕನ್ನಡಿಗರಿಗೆ ಇಲ್ಲಿನ ಬಾಟಲಿಗಳ ಸಾಲು ಅಪರಿಚಿತವೆನಿಸದು.

ಕಾಲ, ಊಟ, ದಾರಿ

ಜೂನ್‌ನ ಮೊದಲಾರ್ಧ ಮತ್ತು ಸೆಪ್ಟೆಂಬರ್ ಈ ತೀರಕ್ಕೆ ಅತ್ಯುತ್ತಮ ಕಾಲ. ಸೆಪ್ಟೆಂಬರಿನಲ್ಲಿ ನೀರು ಬೇಸಿಗೆಯ ಬಿಸುಪನ್ನು ಇನ್ನೂ ಉಳಿಸಿಕೊಂಡಿರುತ್ತದೆ, ಜನಜಂಗುಳಿ ಇಳಿದಿರುತ್ತದೆ. ಶಾಲೆಯ ರಜೆಯ ಕಾರಣಕ್ಕೆ ಏಪ್ರಿಲ್ ಮೇ ತಿಂಗಳಲ್ಲೇ ಹೋಗಬೇಕಾದವರು ಸಮುದ್ರಸ್ನಾನದ ಆಸೆಯನ್ನು ಬಿಟ್ಟು ತೋಟ, ಊರು, ಚಿತ್ರಗಳಿಗಾಗಿ ಹೋಗಲಿ; ನೀರು ಆಗ ಚಳಿಗಟ್ಟಿಸುವಷ್ಟು ತಣ್ಣಗಿರುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಇಡೀ ಫ್ರಾನ್ಸಿಗೆ ರಜೆ. ಆ ಎರಡು ತಿಂಗಳನ್ನು ತಪ್ಪಿಸಲು ಸಾಧ್ಯವಾದರೆ ತಪ್ಪಿಸಬೇಕು.

ಸಸ್ಯಾಹಾರಿಗಳು ನೀಸ್‌ನಲ್ಲಿ ಉಳಿದರೆ ಹಸಿವಿನ ಚಿಂತೆ ಕಡಿಮೆ. ಅಲ್ಲಿನ ಬೀದಿಯ ತಿನಿಸಾದ ಸೊಕ್ಕಾ ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಇಷ್ಟರಿಂದಲೇ ಆಗುತ್ತದೆ. ತೆಳ್ಳಗಿನ ಹಿಟ್ಟನ್ನು ಅಗಲವಾದ ತಾಮ್ರದ ತಟ್ಟೆಗೆ ಸುರಿದು, ಸೌದೆ ಒಲೆಯೊಳಗೆ ತಳ್ಳುತ್ತಾರೆ; ಮೇಲ್ಭಾಗ ಅಲ್ಲಲ್ಲಿ ಕರಿಗಟ್ಟಿದಾಗ ಹೊರತೆಗೆದು, ಕೆರೆದು ತುಂಡುಮಾಡಿ, ಕಾಗದದ ಮೇಲೆ ಹಾಕಿ, ಕರಿಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ಅಂಚು ದೋಸೆಯಂತೆ ಗರಿಗರಿ, ನಡುಭಾಗ ಮೆತ್ತಗೆ. ಆರಿದರೆ ರುಚಿ ಕೆಡುವುದರಿಂದ ಅಲ್ಲೇ ನಿಂತು ತಿನ್ನಬೇಕು. ತರಕಾರಿಗಳನ್ನು ಬೇಯಿಸಿ ಮಾಡುವ ರತತೂಯ್ ಕೂಡ ಇದೇ ಊರಿನದು. ಆದರೆ ಈರುಳ್ಳಿ ಹರಡಿದ ಪಿಸ್ಸಾಲದಿಯೇರ್ ಎಂಬ ರೊಟ್ಟಿ ನೋಡಲು ಸಸ್ಯಾಹಾರದಂತಿದ್ದರೂ ಅದರಲ್ಲಿ ಮೀನು ಇರುತ್ತದೆ, ಪಾನ್ ಬಾನ್ಯಾ ಎಂಬ ಬನ್ನಿನಲ್ಲೂ ಇರುತ್ತದೆ, ಕೇಳಿಯೇ ತೆಗೆದುಕೊಳ್ಳಬೇಕು.

ಬೆಂಗಳೂರಿನಿಂದ ದುಬೈ, ದೋಹಾ, ಪ್ಯಾರಿಸ್ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ನೀಸ್ ತಲುಪಬಹುದು. ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಲು ಅವಕಾಶವಿದೆ; ಮೊನಾಕೊಗೆ ಬೇರೆ ವೀಸಾ ಬೇಡ. ಐದಾರು ದಿನಗಳ ಪ್ರವಾಸಕ್ಕೆ ಎರಡು ಊರುಗಳಲ್ಲಿ ಕೋಣೆ ಹಿಡಿದು ಪೆಟ್ಟಿಗೆ ಹೊತ್ತು ಅಲೆಯುವ ಅಗತ್ಯವಿಲ್ಲ. ವಾರಕ್ಕೂ ಹೆಚ್ಚು ದಿನವಿದ್ದರೆ ಮಾತ್ರ ಮೊದಲರ್ಧ ಆಂತೀಬ್, ಉಳಿದರ್ಧ ಮಾಂತೋನ್ ಎಂದು ಹಂಚಿಕೊಳ್ಳಬಹುದು. ಆಗ ಎರಡೂ ಬಗೆಯ ತೀರಗಳು ಸಿಗುತ್ತವೆ, ನೀಸ್ ನಡುವೆ ಹಗಲಿನ ಭೇಟಿಗೆ ಒದಗುತ್ತದೆ. ಮಾಂತೋನ್‌ನಲ್ಲಿರುವಾಗ ಶುಕ್ರವಾರ ಬಂದರೆ ಗಡಿಯಾಚೆಗಿನ ವೆಂಟಿಮಿಲ್ಯಾದ ವಾರದ ಸಂತೆಗೆ ರೈಲಿನಲ್ಲಿ ಹೋಗಿಬರಬಹುದು. ಹಿಂದಿರುಗುವಾಗ ಫ್ರೆಂಚ್ ಪೊಲೀಸರು ರೈಲು ಹತ್ತಿ ದಾಖಲೆ ಪರಿಶೀಲಿಸುವುದುಂಟು; ಆ ದಿನ ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಡದೆ ಜೊತೆಯಲ್ಲೇ ಇಟ್ಟುಕೊಳ್ಳಬೇಕು.